ಮಗುವಿನ ಕಲಿಕೆಯ ಲೆಕ್ಕ ಮಗುವಿನ ಕೈಯಲ್ಲೂ ಇರಲಿ: ಶಾಲಾ ಶಿಕ್ಷಣ ಇಲಾಖೆಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಸಚಿವರು, ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಇಲಾಖೆ,
ಮಾನ್ಯ ಆಯುಕ್ತರು, ಶಾಲಾ ಶಿಕ್ಷಣ ಇಲಾಖೆ, ಹಾಗೂ
ಮಾನ್ಯ ನಿರ್ದೇಶಕರು, ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ,
ಬೆಂಗಳೂರು.

ವಿಷಯ: ನಾಲ್ಕರಿಂದ ಹತ್ತನೇ ತರಗತಿಯವರೆಗಿನ ವಿದ್ಯಾರ್ಥಿಗಳು ತಮ್ಮ ಕಲಿಕೆಯನ್ನು ತಾವೇ ಅವಲೋಕಿಸಿ ಬರೆದಿಟ್ಟುಕೊಳ್ಳಲು ವಾರಕ್ಕೊಂದು ಅವಧಿಯನ್ನು ಮೀಸಲಿಡುವ ಹಾಗೂ ಆ ಬರಹವನ್ನು ತಪಾಸಣೆಯಿಂದ ಹೊರಗಿಡುವ ಬಗ್ಗೆ.

ಮಾನ್ಯರೇ,

ರಾಜ್ಯದ ಯಾವುದೇ ಸರ್ಕಾರಿ ಶಾಲೆಯ ಕಪಾಟನ್ನು ತೆರೆದರೂ ಒಂದೊಂದು ಮಗುವಿನ ಕಲಿಕೆಯ ಬಗ್ಗೆ ಹತ್ತಾರು ದಾಖಲೆಗಳು ಸಿಗುತ್ತವೆ. ಕಲಿಕೆಯ ನಡುನಡುವೆ ನಡೆಯುವ ನಾಲ್ಕು ರೂಪಣಾತ್ಮಕ ಮತ್ತು ಅವಧಿಯ ಕೊನೆಗೆ ನಡೆಯುವ ಎರಡು ಸಂಕಲನಾತ್ಮಕ ಮೌಲ್ಯಮಾಪನಗಳ ಅಂಕವಹಿ, ಮೌಲ್ಯಮಾಪನದ ಸಾಧನ-ತಂತ್ರಗಳ ಕಡತ, ಕೃತಿ ಸಂಪುಟ, ಪ್ರಗತಿ ಪತ್ರ, ನಿಧಾನ ಕಲಿಕೆಯವರ ಪಟ್ಟಿ, ಅವರಿಗಾಗಿ ಮಾಡಿದ ಪರಿಹಾರ ಬೋಧನೆಯ ವಹಿ, ಇವೆಲ್ಲದರ ಸಾರವಾಗಿ ವಿದ್ಯಾರ್ಥಿಗಳ ವಿವರ ದಾಖಲಿಸುವ ಇಲಾಖೆಯ ಸ್ಯಾಟ್ಸ್ ತಂತ್ರಾಂಶದಲ್ಲಿ ದಾಖಲಾದ ಅಂಕಗಳು. ಇವನ್ನು ಶಿಕ್ಷಕರು ಬರೆಯುತ್ತಾರೆ, ಮುಖ್ಯ ಶಿಕ್ಷಕರು ಸಹಿ ಮಾಡುತ್ತಾರೆ, ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು (ಸಿಆರ್‌ಪಿ) ನೋಡುತ್ತಾರೆ, ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಯವರು ಕ್ರೋಡೀಕರಿಸುತ್ತಾರೆ. ಇಷ್ಟೆಲ್ಲ ಬರಹ ಯಾರನ್ನು ಕುರಿತದ್ದೋ ಆ ವಿದ್ಯಾರ್ಥಿ ಮಾತ್ರ ಇದನ್ನು ಓದುವುದೂ ಇಲ್ಲ, ಬರೆಯುವುದೂ ಇಲ್ಲ. ತನಗೆ ಯಾವುದು ಬರುತ್ತದೆ, ಯಾವುದು ಬರುವುದಿಲ್ಲ, ಬಾರದ್ದು ಎಲ್ಲಿ ಕೈಕೊಡುತ್ತಿದೆ ಎಂಬುದನ್ನು ಆತನಾಗಲಿ ಆಕೆಯಾಗಲಿ ಹೇಳಬಹುದಾದ ಜಾಗ ಈ ಕಪಾಟಿನಲ್ಲಿ ಎಲ್ಲಿಯೂ ಇಲ್ಲ.

ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುವ ಸಹಶಿಕ್ಷಕನಾಗಿ ನಾನು ಈ ಪತ್ರವನ್ನು ಬರೆಯುತ್ತಿದ್ದೇನೆ. ಹೊಸ ಯೋಜನೆಯೊಂದನ್ನು ಕೇಳುವುದು ನನ್ನ ಉದ್ದೇಶವಲ್ಲ; ಹೊಸ ಯೋಜನೆಗಳ ಹೆಸರುಗಳನ್ನು ನೆನಪಿಟ್ಟುಕೊಳ್ಳುವುದೇ ನಮಗೆ ಈಗಾಗಲೇ ಒಂದು ಕೆಲಸವಾಗಿದೆ. ಇರುವ ಕೆಲಸದಲ್ಲಿ ಒಂದಷ್ಟನ್ನು ಕಡಿಮೆ ಮಾಡಿ, ಆ ಸಮಯವನ್ನು ಮಕ್ಕಳಿಗೆ ಬಿಟ್ಟುಕೊಡಿ ಎಂಬುದಷ್ಟೇ ನನ್ನ ಕೋರಿಕೆ. ಅದನ್ನು ಬಹಿರಂಗವಾಗಿ ಕೇಳುತ್ತಿರುವುದಕ್ಕೆ ಕಾರಣ, ಇದು ಇಲಾಖೆಯವರು ಮಾತ್ರವಲ್ಲದೆ ಪೋಷಕರೂ ಸಹೋದ್ಯೋಗಿಗಳೂ ಒಪ್ಪಿದರೆ ಮಾತ್ರ ನಡೆಯುವ ಕೆಲಸ ಎಂಬುದು.

ಮೊದಲಿಗೆ, ಇದು ಹೊರಗಿನಿಂದ ತರಬೇಕಾದ ವಿಚಾರವಲ್ಲ ಎಂಬುದನ್ನು ನೆನಪಿಸಬಯಸುತ್ತೇನೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು, ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದು, ಯುನಿಸೆಫ್ ನೆರವಿನೊಂದಿಗೆ ರೂಪಿಸಿದ ನಲಿ-ಕಲಿ ಪದ್ಧತಿ 2009-10ರ ಹೊತ್ತಿಗೆ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ ಆರಂಭಿಕ ತರಗತಿಗಳಿಗೆ ವಿಸ್ತರಿಸಿತು. ಹಾಡು, ಕಾರ್ಡು, ನೆಲಮಟ್ಟದ ಕಪ್ಪುಹಲಗೆ, ತಲೆಯ ಮೇಲೆ ತೂಗುವ ಕಲಿಕಾ ಚಪ್ಪರ, ಇವುಗಳಿಂದ ಆ ಪದ್ಧತಿಯನ್ನು ಎಲ್ಲರೂ ಗುರುತಿಸುತ್ತಾರೆ. ಆದರೆ ಅದರ ಜೀವಾಳ ಇದ್ದದ್ದು ಗೋಡೆಗೆ ಅಂಟಿಸಿದ ಕಲಿಕಾ ಏಣಿಯಲ್ಲಿ ಎಂದು ನನ್ನ ಎಣಿಕೆ. ಏಣಿಯ ಪ್ರತಿ ಮೆಟ್ಟಿಲಿಗೂ ಒಂದು ಚಿತ್ರದ ಗುರುತು ಮತ್ತು ಒಂದು ಸಂಖ್ಯೆ. ಬೆಳಿಗ್ಗೆ ಬಂದ ಆರು ವರ್ಷದ ಮಗು ಏಣಿಯ ಮುಂದೆ ನಿಂತು, ನಿನ್ನೆ ತಾನು ಮುಗಿಸಿದ ಮೆಟ್ಟಿಲನ್ನು ಬೆರಳಿನಿಂದ ಮುಟ್ಟಿ, ಮುಂದಿನ ಮೆಟ್ಟಿಲಿನ ಗುರುತನ್ನು ನೋಡಿಕೊಂಡು, ಅದೇ ಗುರುತಿನ ಕಾರ್ಡನ್ನು ತಾನೇ ಹುಡುಕಿ ತೆಗೆದು, ಆ ಗುರುತಿಗೆ ಗೊತ್ತಾದ ಗುಂಪಿನಲ್ಲಿ ಹೋಗಿ ಕೂರುತ್ತದೆ. ಆ ಗುಂಪಿನಲ್ಲಿ ಶಿಕ್ಷಕರು ಪೂರ್ತಿ ನೆರವಾಗಬಹುದು, ಗೆಳೆಯರು ನೆರವಾಗಬಹುದು, ಇಲ್ಲವೇ ಮಗು ತನ್ನಷ್ಟಕ್ಕೆ ತಾನೇ ಕಲಿಯಬೇಕಾಗಬಹುದು. ಪಕ್ಕದಲ್ಲಿ ಕುಳಿತ ಅಕ್ಕ ಬೇರೆ ಮೆಟ್ಟಿಲಿನಲ್ಲಿದ್ದಾಳೆ ಎಂಬುದು ಆ ಮಗುವಿಗೆ ಗೊತ್ತು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ ಎಂಬುದೂ ಗೊತ್ತು.

ಅಂದರೆ ಓದಲು ಬರೆಯಲು ಇನ್ನೂ ಕಲಿಯುತ್ತಿರುವ ಮಗುವಿಗೆ ನಾವು ಅದರ ಕಲಿಕೆಯ ನಕ್ಷೆಯನ್ನು ಕೊಟ್ಟಿದ್ದೇವೆ. ನಾಲ್ಕನೇ ತರಗತಿಯಲ್ಲಿ, ಅದು ಓದಿ ಬರೆಯಬಲ್ಲ ಹೊತ್ತಿಗೆ ಸರಿಯಾಗಿ, ಆ ನಕ್ಷೆಯನ್ನು ಗೋಡೆಯಿಂದ ಇಳಿಸಿ ಕಪಾಟಿನೊಳಗೆ ಇಟ್ಟಿದ್ದೇವೆ. ಮುಂದಿನ ಏಳು ವರ್ಷ ಆ ವಿದ್ಯಾರ್ಥಿಗೆ ತನ್ನ ಕಲಿಕೆಯ ಬಗ್ಗೆ ಗೊತ್ತಾಗುವುದು ಒಂದು ಸಂಖ್ಯೆ ಅಥವಾ ಒಂದು ಶ್ರೇಣಿಯ ಮೂಲಕ ಮಾತ್ರ. ನಲಿ-ಕಲಿಗೂ ಮಿತಿಗಳಿವೆ: ಏಣಿಯಲ್ಲಿ ತಾನೆಲ್ಲಿದ್ದೇನೆ ಎಂಬುದು ಮಗುವಿಗೆ ತಿಳಿಯುತ್ತದೆಯೇ ಹೊರತು ಯಾಕೆ ಅಲ್ಲಿಯೇ ನಿಂತಿದ್ದೇನೆ ಎಂದು ಯಾರೂ ಕೇಳುವುದಿಲ್ಲ. ಆ ಪ್ರಶ್ನೆಯನ್ನು ಕೇಳಬಹುದಾದ ವಯಸ್ಸು ಬರುವಷ್ಟರಲ್ಲಿ ಏಣಿಯೇ ಇರುವುದಿಲ್ಲ.

ಕಾನೂನು ಮತ್ತು ನೀತಿಗಳ ಮಾತನ್ನು ಸಂಕ್ಷಿಪ್ತವಾಗಿ ಹೇಳಿಬಿಡುತ್ತೇನೆ, ಏಕೆಂದರೆ ಅಡ್ಡಿ ಅಲ್ಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಪ್ರಕರಣವು ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ಹೇಳುವ ಜೊತೆಗೆ, ಮಗುವನ್ನು ಭಯ ಮತ್ತು ಆತಂಕದಿಂದ ಬಿಡಿಸಿ ತನ್ನ ಅಭಿಪ್ರಾಯವನ್ನು ಮುಕ್ತವಾಗಿ ಹೇಳಲು ನೆರವಾಗಬೇಕೆಂದೂ ಹೇಳುತ್ತದೆ. 24ನೇ ಪ್ರಕರಣವು ಮಗುವಿನ ಪ್ರಗತಿಯನ್ನು ಪೋಷಕರಿಗೆ ತಿಳಿಸುವುದು ಶಿಕ್ಷಕರ ಕರ್ತವ್ಯವೆನ್ನುತ್ತದೆ. ಮಗುವಿಗೆ ತಿಳಿಸುವ ಮಾತು ಅಲ್ಲಿಲ್ಲ, ಬಹುಶಃ ಅದನ್ನು ಪ್ರತ್ಯೇಕವಾಗಿ ಹೇಳಬೇಕಾಗಬಹುದೆಂದು ಯಾರಿಗೂ ಹೊಳೆದಿರಲಾರದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರಗತಿ ಪತ್ರದಲ್ಲಿ ಶಿಕ್ಷಕರ ಮೌಲ್ಯಮಾಪನದ ಜೊತೆಗೆ ವಿದ್ಯಾರ್ಥಿಯ ಸ್ವಮೌಲ್ಯಮಾಪನವೂ ಸಹಪಾಠಿಗಳ ಮೌಲ್ಯಮಾಪನವೂ ಇರಬೇಕೆಂದಿದೆ. ರಾಜ್ಯಕ್ಕೆ ತನ್ನದೇ ಶಿಕ್ಷಣ ನೀತಿ ಬೇಕೆಂದು ನಮ್ಮ ಸರ್ಕಾರ ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ಆಯೋಗ ರಚಿಸಿ, 2025ರಲ್ಲಿ ಅದರ ವರದಿಯನ್ನೂ ಪಡೆದಿದೆ. ಯಾವ ನೀತಿ ಜಾರಿಯಾಗಬೇಕೆಂಬ ವಾದಕ್ಕೆ ನಾನು ಹೋಗುವುದಿಲ್ಲ. ಮಗು ತನ್ನ ಕಲಿಕೆಯ ಬಗ್ಗೆ ತಾನು ಯೋಚಿಸಬೇಕು ಎಂಬುದನ್ನು ವಿರೋಧಿಸುವ ನೀತಿ ಯಾವುದೂ ಇರಲಾರದು.

ಅಡ್ಡಿ ಇರುವುದು ನಾವು ಇದನ್ನು ಮಾಡುವ ರೀತಿಯಲ್ಲಿ. ಕೃತಿ ಸಂಪುಟದ ಉದಾಹರಣೆಯನ್ನೇ ತೆಗೆದುಕೊಳ್ಳಿ. ಮಗು ತಾನು ಮಾಡಿದ ಕೆಲಸಗಳಲ್ಲಿ ತನಗೆ ಮುಖ್ಯವೆನಿಸಿದ್ದನ್ನು ತಾನೇ ಆರಿಸಿ ಜೋಡಿಸಿಡಬೇಕು, ಆಗಾಗ ತಿರುವಿ ನೋಡಿ ತನ್ನ ಬೆಳವಣಿಗೆಯನ್ನು ಗುರುತಿಸಿಕೊಳ್ಳಬೇಕು ಎಂಬುದು ಅದರ ಮೂಲ ಆಶಯ. ಕೋವಿಡ್ ನಂತರ 2022-23ರಲ್ಲಿ ಕಲಿಕೆಯ ನಷ್ಟವನ್ನು ತುಂಬಲು ಕಲಿಕಾ ಚೇತರಿಕೆ ಕಾರ್ಯಕ್ರಮ ಬಂದಾಗಲೂ ಕಲಿಕಾ ಹಾಳೆಗಳ ಜೊತೆಗೆ ಕೃತಿ ಸಂಪುಟಕ್ಕೆ ದೊಡ್ಡ ಸ್ಥಾನವಿತ್ತು. ಬಹುಪಾಲು ಶಾಲೆಗಳಲ್ಲಿ ಅದು ಈಗ ಹೇಗಿದೆ ಎಂಬುದು ಶಿಕ್ಷಕರೆಲ್ಲರಿಗೂ ಗೊತ್ತಿರುವ ಗುಟ್ಟು: ಸಂದರ್ಶನದ ಸುದ್ದಿ ಬಂದ ವಾರದಲ್ಲಿ ಬಣ್ಣದ ಹಾಳೆ, ಅಂಟು, ಸ್ಕೆಚ್ ಪೆನ್ನು ಖರೀದಿಯಾಗುತ್ತವೆ, ಅಕ್ಷರ ಚೆನ್ನಾಗಿರುವ ಹುಡುಗಿಯರು ಎಲ್ಲರ ಮುಖಪುಟವನ್ನೂ ಬರೆಯುತ್ತಾರೆ, ಒಳಗಿನ ಹಾಳೆಗಳು ಒಬ್ಬರದನ್ನು ನೋಡಿ ಇನ್ನೊಬ್ಬರು ಬರೆದವು. ಶಿಕ್ಷಕರನ್ನು ದೂರುವುದು ಸುಲಭ. ಆದರೆ ನೋಡುವವರು ಕೇಳುವ ಪ್ರಶ್ನೆ ‘ಎಲ್ಲರದ್ದೂ ಇದೆಯೇ’ ಎಂಬುದಾದಾಗ, ಎಲ್ಲರದ್ದೂ ಇರುವಂತೆ ಮಾಡುವುದೇ ಕೆಲಸವಾಗುತ್ತದೆ. ಸ್ವಮೌಲ್ಯಮಾಪನದ ನಮೂನೆಗಳ ಗತಿಯೂ ಇದೇ. ‘ನಾನು ಗುಂಪಿನಲ್ಲಿ ಸಹಕರಿಸುತ್ತೇನೆ: ಯಾವಾಗಲೂ, ಕೆಲವೊಮ್ಮೆ, ಇಲ್ಲ’ ಎಂಬ ಸಾಲಿನ ಮುಂದೆ ಇಡೀ ತರಗತಿ ‘ಯಾವಾಗಲೂ’ ಎಂಬಲ್ಲಿ ಗುರುತು ಹಾಕಿ ಕೊಡುತ್ತದೆ, ಏಕೆಂದರೆ ಅದು ಯಾರ ಕೈಗೆ ಹೋಗುತ್ತದೆ ಎಂಬುದು ಮಕ್ಕಳಿಗೆ ಚೆನ್ನಾಗಿ ಗೊತ್ತು.

ಕಳೆದ ಕೆಲವು ವರ್ಷಗಳಿಂದ ನನ್ನ ತರಗತಿಗಳಲ್ಲಿ ನಾನು ಒಂದು ಸಣ್ಣ ಕ್ರಮವನ್ನು ಇಟ್ಟುಕೊಂಡಿದ್ದೇನೆ. ಗಣಿತದ ನೋಟ್‌ಬುಕ್ಕಿನ ಕೊನೆಯ ಹತ್ತು ಹಾಳೆ ವಿದ್ಯಾರ್ಥಿಗೆ ಸೇರಿದ್ದು. ಶನಿವಾರದ ಬೆಳಗಿನ ತರಗತಿಯ ಒಂದು ಅವಧಿಯಲ್ಲಿ ಆ ವಾರ ತನಗೆ ಯಾವುದು ಬಂತು, ಯಾವುದು ಬರಲಿಲ್ಲ, ಮುಂದಿನ ವಾರ ಏನು ಮಾಡಬೇಕೆಂದಿದ್ದೇನೆ ಎಂಬುದನ್ನು ಅಲ್ಲಿ ಬರೆಯುವುದು. ಅದಕ್ಕೆ ಅಂಕವಿಲ್ಲ. ಕೆಂಪು ಶಾಯಿ ಆ ಹಾಳೆಗಳನ್ನು ಮುಟ್ಟುವುದಿಲ್ಲ. ಕಾಗುಣಿತ ತಪ್ಪಿದ್ದರೂ ಸರಿ, ಮನೆಯಲ್ಲಿ ಆಡುವ ಮಾತಿನಲ್ಲೇ ಬರೆದರೂ ಸರಿ. ಲಂಬಾಣಿಯನ್ನು ಕನ್ನಡ ಲಿಪಿಯಲ್ಲಿ ಬರೆಯುವವರಿದ್ದಾರೆ, ಉರ್ದುವಿನಲ್ಲಿ ಬರೆದು ನನಗೆ ಓದಿ ಹೇಳುವವರೂ ಇದ್ದಾರೆ.

ಈ ಕ್ರಮದಲ್ಲಿ ನಾನು ಎದುರಿಸಿದ ದೊಡ್ಡ ತೊಡಕನ್ನು ತಮ್ಮ ಗಮನಕ್ಕೆ ತರಲೇಬೇಕು, ಏಕೆಂದರೆ ಸುತ್ತೋಲೆಯಿಂದ ಪರಿಹಾರವಾಗದ ತೊಡಕು ಇದೊಂದೇ. ಜೂನ್ ತಿಂಗಳಲ್ಲಿ ‘ನಿಮ್ಮ ಕಲಿಕೆಯ ಬಗ್ಗೆ ಬರೆಯಿರಿ’ ಎಂದರೆ ಬಹುತೇಕ ಎಲ್ಲರೂ ಬರೆಯುವುದು ಕ್ಷಮಾಪಣೆಯನ್ನು. ‘ನಾನು ಗಣಿತದಲ್ಲಿ ದಡ್ಡ. ಇನ್ನು ಮುಂದೆ ಚೆನ್ನಾಗಿ ಓದುತ್ತೇನೆ ಸಾರ್.’ ‘ಟಿವಿ ನೋಡುವುದಿಲ್ಲ, ಮೊಬೈಲ್ ಮುಟ್ಟುವುದಿಲ್ಲ, ಬೆಳಿಗ್ಗೆ ಐದು ಗಂಟೆಗೆ ಏಳುತ್ತೇನೆ.’ ಯೋಚಿಸಿದರೆ ಇದರಲ್ಲಿ ಆಶ್ಚರ್ಯವೇನಿಲ್ಲ. ನಮ್ಮ ಶಾಲೆಗಳಲ್ಲಿ ಒಬ್ಬ ವಿದ್ಯಾರ್ಥಿ ತನ್ನ ಬಗ್ಗೆ ತಾನು ಬರೆಯುವ ಸಂದರ್ಭಗಳು ಎರಡೇ: ರಜಾ ಅರ್ಜಿ ಮತ್ತು ತಪ್ಪೊಪ್ಪಿಗೆ ಪತ್ರ. ತನ್ನ ಬಗ್ಗೆ ಬರೆಯುವುದೆಂದರೆ ದೊಡ್ಡವರ ಮುಂದೆ ತಗ್ಗುವುದು ಎಂಬ ಪಾಠ ಬಾಲ್ಯದಿಂದಲೇ ಮೈಗೂಡಿರುತ್ತದೆ. ಆದುದರಿಂದ ಸ್ವಮೌಲ್ಯಮಾಪನ ಮಾಡಿಸಿ ಎಂದು ಏಕಾಏಕಿ ಆದೇಶಿಸಿದರೆ ರಾಜ್ಯದಾದ್ಯಂತ ಲಕ್ಷಗಟ್ಟಲೆ ತಪ್ಪೊಪ್ಪಿಗೆಗಳು ಸಂಗ್ರಹವಾಗುತ್ತವೆ; ಕಲಿಕೆಯ ಬಗ್ಗೆ ಒಂದು ಸಾಲೂ ಸಿಗುವುದಿಲ್ಲ.

ಇದರಿಂದ ಹೊರಬರಲು ನನಗೆ ನೆರವಾದದ್ದು ಪ್ರಶ್ನೆಯನ್ನು ಚಿಕ್ಕದು ಮಾಡುತ್ತಾ ಹೋಗುವುದು. ‘ನೀನು ಹೇಗೆ ಓದುತ್ತಿದ್ದೀಯ’ ಎಂದು ಕೇಳುವ ಬದಲು ‘ಈ ಲೆಕ್ಕದ ಎಷ್ಟನೇ ಹಂತದವರೆಗೆ ನಿನಗೆ ಧೈರ್ಯವಿತ್ತು’ ಎಂದು ಕೇಳುವುದು. ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಸಮೀಕರಣದ ಲೆಕ್ಕಗಳನ್ನು ಸತತವಾಗಿ ತಪ್ಪು ಮಾಡುತ್ತಿದ್ದಳು. ಸಂಖ್ಯೆಗಳನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಒಯ್ಯುವಾಗ ಚಿಹ್ನೆ ತಪ್ಪುತ್ತಿದ್ದಾಳೆಂದು ತಿಳಿದು ಆಕೆಗೆ ಪಕ್ಷಾಂತರವನ್ನೇ ಮತ್ತೆ ಮತ್ತೆ ಕಲಿಸಲಾಗುತ್ತಿತ್ತು, ನಿಧಾನ ಕಲಿಕೆಯವರ ಪಟ್ಟಿಯಲ್ಲೂ ಆಕೆಯ ಹೆಸರಿತ್ತು. ಆಗಸ್ಟ್ ಹೊತ್ತಿಗೆ ಆಕೆ ತನ್ನ ಹಾಳೆಯಲ್ಲಿ ಬರೆದದ್ದು ಹೀಗೆ: ‘ಪಕ್ಷಾಂತರ ಸರಿ ಬರುತ್ತೆ. ಆವರಣದ ಹೊರಗೆ ಮೈನಸ್ ಇದ್ರೆ ಒಳಗಿನ ಮೊದಲನೇದಕ್ಕೆ ಚಿಹ್ನೆ ಬದಲಿಸ್ತೀನಿ, ಎರಡನೇದಕ್ಕೆ ಮರೆತುಬಿಡ್ತೀನಿ.’ ಅಂಕವಹಿಯಾಗಲಿ ಲೆಕ್ಕದ ಮೇಲೆ ಎಳೆದ ಕೆಂಪು ಗೆರೆಯಾಗಲಿ ನನಗೆ ಹೇಳದಿದ್ದ ಸಂಗತಿ ಅದು. ಆಕೆಯ ನಾಲ್ಕಾರು ಹಳೆಯ ಲೆಕ್ಕಗಳನ್ನು ತೆಗೆದು ನೋಡಿದರೆ ಪ್ರತಿಯೊಂದರಲ್ಲೂ ಅದೇ ಜಾಗದಲ್ಲಿ ಅದೇ ತಪ್ಪು. ಅದನ್ನು ಸರಿಪಡಿಸಿಕೊಳ್ಳಲು ಆಕೆಗೆ ಬೇಕಾದದ್ದು ಒಂದೆರಡು ಸಂಜೆ ಮಾತ್ರ, ಅದೂ ತನ್ನಷ್ಟಕ್ಕೆ ತಾನೇ: ಆವರಣ ಬಿಡಿಸುವ ಸಾಲಿನಲ್ಲಿ ನಿಂತು, ಒಳಗಿನ ಪ್ರತಿ ಪದದ ಕೆಳಗೂ ಪೆನ್ಸಿಲಿನಿಂದ ಒಂದು ಚುಕ್ಕಿ ಇಟ್ಟು ಮುಂದೆ ಹೋಗುವುದು. ಆ ಉಪಾಯವನ್ನು ನಾನು ಹೇಳಿಕೊಟ್ಟದ್ದಲ್ಲ.

ಇನ್ನೊಂದು ಕ್ರಮ ಪರೀಕ್ಷೆಗೆ ಸಂಬಂಧಿಸಿದ್ದು. ಉತ್ತರ ಪತ್ರಿಕೆಯನ್ನು ಒಪ್ಪಿಸುವ ಮೊದಲು ಪ್ರತಿ ಪ್ರಶ್ನೆಯ ಪಕ್ಕದಲ್ಲಿ ತನಗೆ ಎಷ್ಟು ಅಂಕ ಬರಬಹುದೆಂದು ವಿದ್ಯಾರ್ಥಿಯೇ ಅಂದಾಜು ಬರೆಯುವುದು; ಪತ್ರಿಕೆ ಮರಳಿ ಬಂದ ಮೇಲೆ ಅಂದಾಜಿಗೂ ಬಂದ ಅಂಕಕ್ಕೂ ಹೆಚ್ಚು ಅಂತರವಿರುವ ಪ್ರಶ್ನೆಗಳನ್ನು ಹುಡುಕಿ ಯಾಕೆ ಹೀಗಾಯಿತೆಂದು ಒಂದು ಸಾಲು ಬರೆಯುವುದು. ಚೆನ್ನಾಗಿ ಓದುವವರು ಸಾಮಾನ್ಯವಾಗಿ ತಮ್ಮನ್ನು ಕಡಿಮೆ ಅಂದಾಜು ಮಾಡಿಕೊಳ್ಳುತ್ತಾರೆ. ಹಿಂದುಳಿದವರಲ್ಲಿ ಬಹಳಷ್ಟು ಮಂದಿ ತಮಗೆ ಗೊತ್ತಿದೆ ಎಂದೇ ನಂಬಿರುತ್ತಾರೆ, ಏಕೆಂದರೆ ಕಪ್ಪುಹಲಗೆಯ ಮೇಲೆ ಲೆಕ್ಕ ಬಿಡಿಸುವಾಗ ಪ್ರತಿ ಹೆಜ್ಜೆಯೂ ಸರಿಯಾಗಿಯೇ ಕಂಡಿರುತ್ತದೆ. ನೋಡಿ ಒಪ್ಪಿಕೊಳ್ಳುವುದಕ್ಕೂ ತಾನೇ ಮಾಡುವುದಕ್ಕೂ ಇರುವ ಈ ಅಂತರವನ್ನು ಎಷ್ಟು ಬಾಯಿಮಾತಿನಲ್ಲಿ ಹೇಳಿದರೂ ತಲುಪುವುದಿಲ್ಲ; ತಾನೇ ಬರೆದ ಅಂದಾಜು ಪಕ್ಕದಲ್ಲಿದ್ದಾಗ ಹೇಳಬೇಕಾಗಿಯೇ ಇಲ್ಲ.

ಶಿಕ್ಷಣ ಸಂಶೋಧಕರು ಈ ದಿಕ್ಕಿನಲ್ಲಿ ಬಹಳ ಹಿಂದೆಯೇ ಕೆಲಸ ಮಾಡಿದ್ದಾರೆ. 1988ರಲ್ಲಿ ಇಸ್ರೇಲಿನ ರೂತ್ ಬಟ್ಲರ್ ಅವರು ಶಾಲಾ ಮಕ್ಕಳನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಅಂಕವನ್ನು ಮಾತ್ರ, ಇನ್ನೊಂದಕ್ಕೆ ಬರಹದ ಟಿಪ್ಪಣಿಯನ್ನು ಮಾತ್ರ, ಮೂರನೆಯದಕ್ಕೆ ಎರಡನ್ನೂ ಕೊಟ್ಟು ನೋಡಿದಾಗ, ಟಿಪ್ಪಣಿ ಮಾತ್ರ ಪಡೆದವರು ಮುಂದುವರಿದರು. ಎರಡನ್ನೂ ಪಡೆದವರಲ್ಲಿ ಟಿಪ್ಪಣಿಯ ಪ್ರಯೋಜನ ಕಾಣಲಿಲ್ಲ. ಪಕ್ಕದಲ್ಲಿ ಅಂಕವಿದ್ದರೆ ಕಣ್ಣು ಹೋಗುವುದು ಅಂಕದ ಕಡೆಗೇ ಎಂಬುದನ್ನು ತಿಳಿಯಲು ನಮಗೆ ಸಂಶೋಧನೆ ಬೇಕಿಲ್ಲ, ಉತ್ತರ ಪತ್ರಿಕೆ ಹಂಚುವ ದಿನ ತರಗತಿಯಲ್ಲಿ ಕುಳಿತರೆ ಸಾಕು. ಹತ್ತು ವರ್ಷಗಳ ನಂತರ, 1998ರಲ್ಲಿ, ಲಂಡನ್ನಿನ ಕಿಂಗ್ಸ್ ಕಾಲೇಜಿನ ಪಾಲ್ ಬ್ಲ್ಯಾಕ್ ಮತ್ತು ಡೈಲನ್ ವಿಲಿಯಮ್ ಅವರು ಅದುವರೆಗಿನ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ, ರೂಪಣಾತ್ಮಕ ಮೌಲ್ಯಮಾಪನ ಚೆನ್ನಾಗಿ ನಡೆದರೆ ಅದರಿಂದ ಹೆಚ್ಚು ಲಾಭವಾಗುವುದು ಹಿಂದುಳಿದ ಮಕ್ಕಳಿಗೆ ಎಂದು ತೋರಿಸಿದರು. ವಿದ್ಯಾರ್ಥಿಯ ಸ್ವಮೌಲ್ಯಮಾಪನವನ್ನು ಅದರ ಅಲಂಕಾರವೆಂದಲ್ಲ, ಅನಿವಾರ್ಯ ಅಂಗವೆಂದೇ ಪರಿಗಣಿಸಿದರು. ನಾವು ರೂಪಣಾತ್ಮಕ ಮೌಲ್ಯಮಾಪನವನ್ನು ವರ್ಷಕ್ಕೆ ನಾಲ್ಕು ಬಾರಿ ನಡೆಯುವ ಸಣ್ಣ ಪರೀಕ್ಷೆಯನ್ನಾಗಿ ಮಾಡಿಕೊಂಡಿದ್ದೇವೆ. ಈಚೆಗೆ ಬಂದಿರುವ ಪಾಠ ಆಧಾರಿತ ಮೌಲ್ಯಾಂಕನವು ಪ್ರತಿ ಪಾಠಕ್ಕೂ ಒಂದೊಂದು ಕಿರುಪರೀಕ್ಷೆಯನ್ನೂ ಒಂದೊಂದು ನಮೂದನ್ನೂ ಸೇರಿಸಿದೆ. ಅದರ ಆಶಯವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಳತೆಯನ್ನು ಪದೇ ಪದೇ ಮಾಡುವುದರಿಂದ ಕಲಿಕೆ ಹೆಚ್ಚುವುದಿಲ್ಲ, ಅಳತೆಯ ಫಲಿತಾಂಶವನ್ನು ಕಲಿಯುವವರು ಬಳಸಿಕೊಂಡಾಗ ಹೆಚ್ಚುತ್ತದೆ.

ಹತ್ತನೇ ತರಗತಿಯ ವಿಚಾರವನ್ನು ಪ್ರತ್ಯೇಕವಾಗಿ ಹೇಳಬೇಕು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂದು ವೆಬ್‌ಕಾಸ್ಟಿಂಗ್ ಆರಂಭವಾದ ವರ್ಷ ಎಸ್‌ಎಸ್‌ಎಲ್‌ಸಿ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು, ಅದೂ ಹೆಚ್ಚುವರಿ ಕೃಪಾಂಕ ಕೊಟ್ಟ ಮೇಲೆ. ಅಲ್ಲಿಂದೀಚೆಗೆ ಫಲಿತಾಂಶ ಸುಧಾರಣೆಯ ಒತ್ತಡ ಜಿಲ್ಲೆಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಶಾಲೆಗೆ, ಶಾಲೆಯಿಂದ ಮಕ್ಕಳ ಮೇಲೆ ಇಳಿದಿದೆ. ಡಿಸೆಂಬರ್ ಬಂತೆಂದರೆ ವಿಶೇಷ ತರಗತಿ, ಸಂಜೆಯ ಗುಂಪು ಅಧ್ಯಯನ, ಸರಣಿ ಪರೀಕ್ಷೆ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಪಾಸಿಂಗ್ ಪ್ಯಾಕೇಜ್. ಇಂತಿಷ್ಟು ಪಾಠ, ಇಂತಿಷ್ಟು ಚಿತ್ರ, ಇಂತಿಷ್ಟು ಪ್ರಮೇಯ ಕಲಿತರೆ ತೇರ್ಗಡೆ ಖಚಿತ ಎಂಬ ಆ ಪಟ್ಟಿಯನ್ನು ಹಿಂದುಳಿದ ಎಲ್ಲ ವಿದ್ಯಾರ್ಥಿಗಳಿಗೂ ಒಂದೇ ರೀತಿಯಲ್ಲಿ ಹಂಚಲಾಗುತ್ತದೆ. ಥೇಲ್ಸನ ಪ್ರಮೇಯ ಈಗಾಗಲೇ ಬರುವ ಹುಡುಗನೂ ಅದನ್ನೇ ಮತ್ತೆ ಬರೆಯುತ್ತಾನೆ. ನಕ್ಷೆಯ ಲೆಕ್ಕದಲ್ಲಿ ಪ್ರಮಾಣ ಹಾಕುವುದೊಂದು ಬಿಟ್ಟು ಮಿಕ್ಕೆಲ್ಲ ಬರುವ ಹುಡುಗಿಗೆ ಆ ಒಂದನ್ನು ಯಾರೂ ಹೇಳಿಕೊಡುವುದಿಲ್ಲ. ಪ್ಯಾಕೇಜನ್ನು ಬಿಡಿ ಎಂದು ಹೇಳುವ ಸ್ಥಿತಿಯಲ್ಲಿ ನಾವು ಯಾರೂ ಇಲ್ಲ ಎಂಬುದು ನನಗೆ ಗೊತ್ತು. ಅದನ್ನು ಕೊಡುವ ದಿನ, ಪಟ್ಟಿಯ ಪ್ರತಿ ಸಾಲಿನ ಮುಂದೆಯೂ ‘ಬರುತ್ತದೆ’, ‘ಅರ್ಧ ಬರುತ್ತದೆ’, ‘ಬರುವುದಿಲ್ಲ’ ಎಂದು ವಿದ್ಯಾರ್ಥಿಯೇ ಗುರುತು ಮಾಡಿಕೊಂಡು, ಒಂದು ಪುಟ್ಟ ಪ್ರಶ್ನೆಯಿಂದ ಅದನ್ನು ತಾನೇ ಪರೀಕ್ಷಿಸಿಕೊಂಡು, ಅಲ್ಲಿಂದ ಓದಲು ಶುರುಮಾಡಲಿ ಎಂದಷ್ಟೇ ಕೇಳುತ್ತೇನೆ.

ಇದೇ ಸಂದರ್ಭದಲ್ಲಿ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಗೂ ಒಂದು ವಿನಂತಿ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷಾ ಅವಕಾಶಗಳಿವೆ, ಇದು ಒಳ್ಳೆಯ ಬದಲಾವಣೆ. ಆದರೆ ಮೊದಲ ಪರೀಕ್ಷೆಯಲ್ಲಿ ಗಣಿತದಲ್ಲಿ 80ಕ್ಕೆ 19 ಅಂಕ ತೆಗೆದವನ ಕೈಯಲ್ಲಿರುವುದು 19 ಎಂಬ ಸಂಖ್ಯೆ ಮಾತ್ರ. ಆ 19 ಎಲ್ಲಿಂದ ಬಂತು, ಉಳಿದದ್ದು ಎಲ್ಲಿ ಹೋಯಿತು ಎಂದು ತಿಳಿಯದೆ ಆತ ಎರಡನೆಯ ಪರೀಕ್ಷೆಗೆ ಕೂರುತ್ತಾನೆ. ಶುಲ್ಕ ಕಟ್ಟಿದರೆ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ಸಿಗುತ್ತದೆ, ನಿಜ. ಅದನ್ನು ತರಿಸಿಕೊಳ್ಳುವವರು ಬಹುಮಟ್ಟಿಗೆ ತೊಂಬತ್ತರ ಮೇಲಿನ ಒಂದೆರಡು ಅಂಕಕ್ಕಾಗಿ ಮರುಮೌಲ್ಯಮಾಪನ ಬಯಸುವವರು. ಅನುತ್ತೀರ್ಣರಾದವರಿಗೆ ಆ ಪ್ರತಿಯನ್ನು ಉಚಿತವಾಗಿ ಅವರವರ ಶಾಲೆಗೇ ಕಳುಹಿಸಿಕೊಡುವ ವ್ಯವಸ್ಥೆಯಾದರೆ, ಎರಡನೆಯ ಪರೀಕ್ಷೆಗೆ ಮೊದಲಿನ ವಿಶೇಷ ತರಗತಿಗಳನ್ನು ಆ ಪತ್ರಿಕೆಯನ್ನು ಮುಂದಿಟ್ಟುಕೊಂಡೇ ನಡೆಸಬಹುದು.

ಪೋಷಕರ ಪಾತ್ರದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಅದಕ್ಕೆ ವೇದಿಕೆ ಈಗಾಗಲೇ ಇದೆ. ಸಂಕಲನಾತ್ಮಕ ಮೌಲ್ಯಮಾಪನದ ನಂತರ ನಡೆಯುವ ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮದಲ್ಲಿ ಉತ್ತರ ಪತ್ರಿಕೆಗಳನ್ನು ತಾಯ್ತಂದೆಯರಿಗೆ ತೋರಿಸುತ್ತೇವೆ. ಸಾಮಾನ್ಯವಾಗಿ ಅಲ್ಲಿ ನಡೆಯುವುದೇನೆಂದರೆ ಶಿಕ್ಷಕರು ಮಾತಾಡುತ್ತಾರೆ, ತಾಯಿ ತಲೆಯಾಡಿಸುತ್ತಾಳೆ, ಮಗು ನೆಲ ನೋಡುತ್ತದೆ. ಕಳೆದ ವರ್ಷದಿಂದ ನಮ್ಮ ತರಗತಿಯಲ್ಲಿ ಪತ್ರಿಕೆ ತೋರಿಸುವವರು ವಿದ್ಯಾರ್ಥಿಗಳೇ. ಮೇಲೆ ಹೇಳಿದ ಹುಡುಗಿಯ ತಾಯಿ ಮೆಕ್ಕೆಜೋಳದ ಕೊಯ್ಲಿನ ನಡುವೆ ಬಿಡುವು ಮಾಡಿಕೊಂಡು ಬಂದಿದ್ದರು. ಶಾಲೆಯ ಮುಖ ಹೆಚ್ಚು ಕಂಡವರಲ್ಲ. ಮಗಳು ತನ್ನ ಹಾಳೆ ತೆರೆದು ಓದತೊಡಗಿದಾಗ ನಡುವೆ ತಡೆದು, “ಆವರಣ ಅಂದ್ರ ಏನಬೇ ತಂಗಿ?” ಎಂದು ಕೇಳಿದರು. ಮಗಳು ವಿವರಿಸಿದಳು. ಆಕೆಗೆ ಎಷ್ಟು ಅರ್ಥವಾಯಿತೋ ತಿಳಿಯದು, ಆದರೆ ನನ್ನ ಅನುಭವದಲ್ಲಿ ಪೋಷಕರ ಸಭೆಯೊಂದರಲ್ಲಿ ಓದಿನ ಬಗ್ಗೆ ತಾಯಿ ಮಗಳನ್ನೇ ಪ್ರಶ್ನೆ ಕೇಳಿ ಮಗಳು ಉತ್ತರಿಸಿದ್ದು ಅಪರೂಪ.

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತಿವೆ. ಮಕ್ಕಳು ಸುಳ್ಳು ಬರೆಯುತ್ತಾರೆ ಎಂಬುದು ಒಂದು. ಅಂಕ ಬರುವುದಾದರೆ, ಅಥವಾ ಬೈಗುಳ ಬರುವುದಾದರೆ, ಖಂಡಿತ ಬರೆಯುತ್ತಾರೆ. ನಾವಾದರೂ ಬರೆಯುವುದು ಹಾಗೆಯೇ ಅಲ್ಲವೇ, ನಮ್ಮ ಪಾಠಯೋಜನೆಯ ‘ಶಿಕ್ಷಕರ ಸ್ವಾವಲೋಕನ’ ಎಂಬ ಕಲಮಿನಲ್ಲಿ ‘ಕಲಿಕಾ ಫಲ ಸಾಧಿಸಲಾಗಿದೆ’ ಎಂಬುದನ್ನು ಬಿಟ್ಟು ಬೇರೇನಾದರೂ ಬರೆದ ಸಹೋದ್ಯೋಗಿಯನ್ನು ನಾನಂತೂ ಕಂಡಿಲ್ಲ. ಪಠ್ಯ ಮುಗಿಯುವುದಿಲ್ಲ ಎಂಬುದು ಇನ್ನೊಂದು ಆಕ್ಷೇಪ, ಮತ್ತು ಇದು ನಿಜವಾದದ್ದು. ಮೊಟ್ಟೆ-ಬಾಳೆಹಣ್ಣಿನ ಲೆಕ್ಕ, ಹಾಲಿನ ಲೆಕ್ಕ, ಸಮೀಕ್ಷೆ, ಚುನಾವಣಾ ಕಾರ್ಯ, ತರಬೇತಿ, ಆನ್‌ಲೈನ್ ನಮೂದು, ಇವುಗಳ ನಡುವೆ ಉಳಿಯುವ ಬೋಧನಾ ಅವಧಿಗಳಲ್ಲಿ ವಾರಕ್ಕೊಂದನ್ನು ಬಿಟ್ಟುಕೊಡಿ ಎಂದರೆ ಯಾವ ಶಿಕ್ಷಕರಾದರೂ ಸಿಡಿಮಿಡಿಗೊಳ್ಳುವುದು ಸಹಜ. ಎಷ್ಟೋ ಶಾಲೆಗಳಲ್ಲಿ ವಿಷಯ ಶಿಕ್ಷಕರ ಹುದ್ದೆಯೇ ಖಾಲಿ ಇದ್ದು, ಅತಿಥಿ ಶಿಕ್ಷಕರು ಬರುವ ಹೊತ್ತಿಗೆ ಮೊದಲ ಘಟಕ ಮುಗಿದಿರಬೇಕಾದ ಕಾಲ ಕಳೆದಿರುತ್ತದೆ. ಆದ್ದರಿಂದಲೇ ನನ್ನ ಕೋರಿಕೆಯಲ್ಲಿ ಸೇರಿಸುವುದಕ್ಕಿಂತ ಕಳೆಯುವುದು ಮುಖ್ಯ: ರೂಪಣಾತ್ಮಕ ಮೌಲ್ಯಮಾಪನದ ದಾಖಲೆಗಳಲ್ಲಿ ಒಂದೇ ಮಾಹಿತಿಯನ್ನು ಎರಡು ಮೂರು ಕಡೆ ಬರೆಯುವುದನ್ನು ನಿಲ್ಲಿಸಿದರೆ ಈ ಅವಧಿ ತಾನಾಗಿಯೇ ಸಿಗುತ್ತದೆ. ಪರಿಹಾರ ಬೋಧನೆಯ ವಹಿಯನ್ನು ಶಿಕ್ಷಕರು ಪ್ರತ್ಯೇಕವಾಗಿ ಬರೆಯುವುದನ್ನು ಕೈಬಿಟ್ಟು, ವಿದ್ಯಾರ್ಥಿಯ ಹಾಳೆಗಳನ್ನು ಓದಿ ಅದಕ್ಕೆ ತಕ್ಕಂತೆ ಪಾಠ ಮಾಡಲು ಆ ಸಮಯವನ್ನು ಬಳಸುವುದು ಒಳಿತೆಂದು ನಾನು ಹೇಳುತ್ತೇನೆ.

ತಾವು ಹೊರಡಿಸಬಹುದಾದ ಸುತ್ತೋಲೆಯ ಬಗ್ಗೆ ಕೊನೆಯದಾಗಿ ಕೆಲವು ಮಾತು. ಅದಕ್ಕೆ ದಯವಿಟ್ಟು ನಮೂನೆಯನ್ನು ಲಗತ್ತಿಸಬೇಡಿ. ನಮೂನೆ ಬಂದರೆ ಮುದ್ರಣ ಬರುತ್ತದೆ, ಮುದ್ರಣ ಬಂದರೆ ಎಷ್ಟು ಶಾಲೆಗಳಲ್ಲಿ ಎಷ್ಟು ಶೇಕಡ ಭರ್ತಿಯಾಗಿದೆ ಎಂಬ ಗೂಗಲ್ ಶೀಟ್ ಬರುತ್ತದೆ, ಅಲ್ಲಿಗೆ ಈ ಕೆಲಸ ಮುಗಿಯಿತು. ವಿದ್ಯಾರ್ಥಿಯ ಹಾಳೆಯನ್ನು ಸಂದರ್ಶನಕ್ಕೆ ಬರುವ ಅಧಿಕಾರಿಗಳು ವಿದ್ಯಾರ್ಥಿಯ ಅನುಮತಿಯಿಲ್ಲದೆ ತೆರೆಯಬಾರದು, ಅದರ ಫೋಟೋ ತೆಗೆದು ಗುಂಪುಗಳಿಗೆ ಹಾಕಬಾರದು, ಅದಕ್ಕೆ ಆಂತರಿಕ ಅಂಕದ ಯಾವ ಭಾಗವನ್ನೂ ಜೋಡಿಸಬಾರದು ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಅಧಿಕಾರಿಗಳು ನೋಡಲೇಬೇಕೆಂದರೆ ತರಗತಿಗೆ ಬಂದು ಯಾರಾದರೂ ಒಬ್ಬ ವಿದ್ಯಾರ್ಥಿಯನ್ನು ‘ಈ ತಿಂಗಳು ನಿನಗೆ ಹೊಸದಾಗಿ ಏನು ಬಂತು, ಇನ್ನೂ ಏನು ಬರಬೇಕು’ ಎಂದು ಕೇಳಲಿ. ಉತ್ತರ ಬಂದರೆ ಕೆಲಸ ನಡೆಯುತ್ತಿದೆ ಎಂದರ್ಥ. ನಾಲ್ಕು ಮತ್ತು ಐದನೇ ತರಗತಿಯವರಿಗೆ ಬರವಣಿಗೆಯ ಬದಲು ನಲಿ-ಕಲಿಯ ಏಣಿಯನ್ನೇ ವಿಷಯವಾರು ಮುಂದುವರಿಸಬಹುದು. ಅದನ್ನು ತಯಾರಿಸುವ ಅನುಭವ ಇಲಾಖೆಯಲ್ಲೇ ಇದೆ, ಹೆಗ್ಗಡದೇವನಕೋಟೆಯ ಆ ಶಿಕ್ಷಕರೊಂದಿಗೆ ಕೆಲಸ ಮಾಡಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ತರಬೇತಿಯನ್ನು ಬೆಂಗಳೂರಿನಿಂದ ಪ್ರಸಾರ ಮಾಡುವುದಕ್ಕಿಂತ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಯಲ್ಲಿ, ಶಿಕ್ಷಕರು ತಮ್ಮ ತಮ್ಮ ಮಕ್ಕಳ ಒಪ್ಪಿಗೆ ಪಡೆದು ತಂದ ನಾಲ್ಕಾರು ಹಾಳೆಗಳನ್ನು ಹೆಸರು ಮರೆಮಾಡಿ ಒಟ್ಟಿಗೆ ಓದುವುದರಿಂದ ಆರಂಭಿಸಬಹುದು. ಯಾವುದು ತಪ್ಪೊಪ್ಪಿಗೆ, ಯಾವುದು ಅವಲೋಕನ ಎಂಬುದು ನಮಗೆ ಅಭ್ಯಾಸವಾಗುವುದು ಹಾಗೆ ಓದಿಯೇ.

ಇಡೀ ರಾಜ್ಯಕ್ಕೆ ಒಮ್ಮೆಲೇ ಜಾರಿ ಮಾಡಬೇಕೆಂದೂ ನಾನು ಕೇಳುವುದಿಲ್ಲ. ಒಪ್ಪಿ ಮುಂದೆ ಬರುವ ಶಾಲೆಗಳಿಗೆ ವೇಳಾಪಟ್ಟಿಯಲ್ಲಿ ಒಂದು ಅವಧಿಯ ಅನುಮತಿ ಮತ್ತು ಎರಡು ವಹಿಗಳ ವಿನಾಯಿತಿ, ಇಷ್ಟು ಸಿಕ್ಕರೆ ಸಾಕು. ಆದೇಶವು ಮೇ ತಿಂಗಳ ಕೊನೆಗೆ ಶಾಲೆ ತೆರೆಯುವ ಮುನ್ನ ಕೈಸೇರಿದರೆ, ಮಕ್ಕಳು ನೋಟ್‌ಬುಕ್ ಕೊಳ್ಳುವ ಹೊತ್ತಿಗೆ ನೂರರ ಬದಲು ಇನ್ನೂರು ಪುಟದ್ದನ್ನು ತನ್ನಿ ಎಂದು ಹೇಳಲು ನಮಗೆ ಅನುಕೂಲವಾಗುತ್ತದೆ.

ಗೌರವಪೂರ್ವಕ ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಗಣಿತ ಸಹಶಿಕ್ಷಕ, ಸರ್ಕಾರಿ ಪ್ರೌಢಶಾಲೆ